ಇನಾಯತ್ ಬುಟ್ಟಿಯ ಚೆಂಡು

ಸಿಯಾಲ್‌ಕೋಟಿನ ಹೊರಗೆ, ಚರ್ಮ ಹದ ಮಾಡುವ ತೊಟ್ಟಿಗಳನ್ನು ದಾಟಿದ ಮೇಲೆ ಸಿಗುವ ಆ ಓಣಿಯಲ್ಲಿ ಉಸ್ತಾದ್ ಇನಾಯತ್ ಮನೆ ಯಾವುದೆಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. "ಮಖ್ದೂಮ್ ಸಾಹೇಬರ ಚೆಂಡು ಹೊಲಿದವರಾ? ಅಗೋ, ಆ ನೀಲಿ ಬಾಗಿಲು." ಆ ಮಾತಿನಲ್ಲಿ ಮರ್ಯಾದೆಯೂ ಇರುತ್ತಿತ್ತು, ಕುಚೋದ್ಯವೂ ಇರುತ್ತಿತ್ತು. ಯಾವುದು ಎಷ್ಟು ಎಂಬುದು ಹೇಳುವವರ ಮೇಲೆ ನಿಂತಿತ್ತು.

ಇಪ್ಪತ್ತೆಂಟು ವರ್ಷಗಳ ಹಿಂದೆ ಕರಾಚಿಯಲ್ಲಿ ಇಂಗ್ಲೆಂಡಿನವರ ಮೇಲೆ ಮಖ್ದೂಮ್ ಅಲಿ ಒಂದೇ ಇನ್ನಿಂಗ್ಸಿನಲ್ಲಿ, ಒಂದೇ ಚೆಂಡು ಹಿಡಿದು ಎಂಟು ವಿಕೆಟ್ ತೆಗೆದಿದ್ದರು. ಲೆಗ್ ಸ್ಪಿನ್ ಎಂದರೆ ಏನೆಂದು ಗೊತ್ತಿಲ್ಲದ ಮುದುಕಿಯರೂ ಆ ದಿನ ರೇಡಿಯೋದ ಮುಂದೆ ಕುಳಿತಿದ್ದರಂತೆ. ಆ ಪಂದ್ಯಕ್ಕೆ ಚೆಂಡು ಹೋದದ್ದು ಈ ಓಣಿಯವರು ಹೊಲಿದು ಕೊಡುತ್ತಿದ್ದ ಚೌಧರಿಯವರ ಕಾರ್ಖಾನೆಯಿಂದ. ಆಗಿನ್ನೂ ಬದುಕಿದ್ದ ದೊಡ್ಡ ಚೌಧರಿಯವರು ತಾವೇ ಕೆಳಗೆ ಕುಳಿತು, ಹೊಲಿಗೆಯವರ ಬುಟ್ಟಿಗಳನ್ನೆಲ್ಲ ನೋಡಿ, ಇನಾಯತ್ ಬುಟ್ಟಿಯೊಂದರಿಂದಲೇ ಹನ್ನೆರಡು ಚೆಂಡು ಆರಿಸಿ ಕರಾಚಿಯ ರೈಲಿಗೆ ಹಾಕಿಸಿದ್ದರು. ಇದು ಓಣಿಗೆಲ್ಲ ಗೊತ್ತಿದ್ದ ಸಂಗತಿ. ಹಾಗಾಗಿ ಇನಾಯತ್ ಹೇಳುವುದನ್ನು ಸುಳ್ಳು ಎನ್ನಲು ಯಾರಿಗೂ ಆಗುತ್ತಿರಲಿಲ್ಲ. ಕೇಳಿ ಕೇಳಿ ಬೇಸರವಾಗಿತ್ತು, ಅಷ್ಟೇ.

"ಚಾಚಾ, ಚೆಂಡು ಹೊಲಿದದ್ದು ನೀವು ಸರಿ," ಎನ್ನುತ್ತಿದ್ದ ಕ್ಷೌರದಂಗಡಿಯ ಬೂಟಾ, ಇನಾಯತ್ ಗಲ್ಲಕ್ಕೆ ಸಾಬೂನು ನೊರೆ ಹಚ್ಚುತ್ತ. "ತಿರುಗಿಸಿದ್ದೂ ನೀವೇ ಅಂದ್ಬಿಡಿ ಅತ್ಲಾಗೆ. ಮಖ್ದೂಮ್ ಸಾಹೇಬ್ರು ಸುಮ್ನೆ ಕೈ ಬೀಸಿದ್ರು."

"ನಗು ಮಗನೇ, ನಗು. ನಿನ್ನ ಕತ್ತಿಯಲ್ಲಿ ಕೂದಲು ತೆಗೆಯೋಕೇ ನಿನಗೆ ಬರಲ್ಲ. ಅವರು ನನ್ನ ಚೆಂಡಲ್ಲಿ ಎಂಟು ತಲೆ ತೆಗೆದ್ರು."

ಈಗ ಇನಾಯತ್‌ಗೆ ಕಣ್ಣು ಮಂಜು. ಬೆಳಕು ಕಾಣುತ್ತಿತ್ತು, ಮನುಷ್ಯರ ಆಕಾರ ಕಾಣುತ್ತಿತ್ತು, ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ದಬ್ಬಳ ಕೆಳಗಿಟ್ಟು ಆರು ವರ್ಷವಾಗಿತ್ತು. ಬುಟ್ಟಿ ಮಾತ್ರ ಇನ್ನೂ ಅವನ ಹೆಸರಿನಲ್ಲೇ ಬರುತ್ತಿತ್ತು. ವಾರದ ಮೊದಲ ದಿನ ಬೆಳಿಗ್ಗೆ ಕಾರ್ಖಾನೆಯವರು ಚೆಂಡಿನ ಹೊರಮೈಯಾಗುವ ಚರ್ಮದ ಬಟ್ಟಲು, ಉಣ್ಣೆ ಸುತ್ತಿದ ತಿರುಳು, ಮೇಣ ಹಚ್ಚುವ ದಾರ ಎಲ್ಲ ತುಂಬಿ ಕೊಡುತ್ತಾರೆ. ವಾರ ಕಳೆದು ಹೊಲಿದ ಚೆಂಡು ತುಂಬಿ ಹಿಂದಿರುಗಿಸಬೇಕು. ಬುಟ್ಟಿಗೆ ಮನೆಯ ಗಂಡಸಿನ ಹೆಸರು. ಮನೆಯೊಳಗೆ ಯಾವ ಕೈ ಹೊಲಿಯಿತು ಎಂದು ಕಾರ್ಖಾನೆಯವರು ಕೇಳುವುದಿಲ್ಲ, ಮನೆಯವರು ಹೇಳುವುದಿಲ್ಲ. ಓಣಿಯ ಎಲ್ಲ ಮನೆಗಳಲ್ಲೂ ಹೀಗೇ. ಅದರಲ್ಲಿ ಮುಚ್ಚಿಡುವಂಥದ್ದು ಏನೋ ಇದೆ ಎಂದೂ ಯಾರಿಗೂ ಅನಿಸಿರಲಿಲ್ಲ.

ಈಗ ಹೊಲಿಯುತ್ತಿದ್ದವರು ಇನಾಯತ್‌ನ ಹೆಂಡತಿ ಹಾಜ್ರಾ ಮತ್ತು ಮಗಳು ಶಗುಫ್ತಾ. ಶಗುಫ್ತಾಳಿಗೆ ಇಪ್ಪತ್ತಮೂರು. ಆರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಬಿಡಿಸಿದರು ಎಂದು ಅವಳು ಹೇಳುತ್ತಿರಲಿಲ್ಲ, ಬಿಟ್ಟೆ ಎನ್ನುತ್ತಿದ್ದಳು. ಮಾತು ಕಡಿಮೆ. ತಾಯಿ ಮಗಳು ಎದುರುಬದುರು ಕೂರುತ್ತಿದ್ದರು, ಮೊಣಕಾಲುಗಳ ನಡುವೆ ಮರದ ಇಕ್ಕಳ, ಇಕ್ಕಳದ ಬಾಯಲ್ಲಿ ಚೆಂಡು. ಅಕ್ಕಪಕ್ಕ ಕೂತರೆ ಮೊಣಕೈ ತಾಗುತ್ತಿತ್ತು, ಏಕೆಂದರೆ ಹಾಜ್ರಾ ಎಡಚಿ.

ಶಗುಫ್ತಾಳಿಗೂ ಮಖ್ದೂಮ್ ಅಲಿ ಎಂದರೆ ಇಷ್ಟ. ಆದರೆ ಅವಳ ಇಷ್ಟ ಅಪ್ಪನ ಇಷ್ಟದ ಹಾಗೆ ಗದ್ದಲದ್ದಲ್ಲ, ಯಾರಿಗೂ ಹೇಳಿದ್ದಲ್ಲ. ಹಳೆಯ ಪಂದ್ಯಗಳನ್ನು ಟಿವಿಯಲ್ಲಿ ಮತ್ತೆ ತೋರಿಸುವಾಗ ಎಲ್ಲರೂ ಬ್ಯಾಟಿನವನ ವಿಕೆಟ್ ಬೀಳುವುದನ್ನು ನೋಡಿದರೆ ಅವಳು ಅದಕ್ಕೂ ಮುಂಚಿನದನ್ನು ನೋಡುತ್ತಿದ್ದಳು. ಓಡುವ ಮೊದಲು ಮಖ್ದೂಮ್ ಚೆಂಡನ್ನು ಎರಡು ಅಂಗೈಗಳ ನಡುವೆ ಹೊರಳಿಸುತ್ತಿದ್ದರು. ನೋಡುತ್ತಿರಲಿಲ್ಲ, ತಡವುತ್ತಿದ್ದರು. ಹೊಲಿಗೆಯ ಏಣಿನ ಮೇಲೆ ಬೆರಳು ನಿಧಾನವಾಗಿ ಹೋಗಿ, ಒಂದು ಕಡೆ ನಿಂತು, ಇನ್ನೂ ಸ್ವಲ್ಪ ಹೋಗಿ, ಹಿಂದಕ್ಕೆ ಬಂದು ಕೂರುತ್ತಿತ್ತು. ವೇಗದ ಬೌಲರುಗಳು ಚೆಂಡನ್ನು ಪ್ಯಾಂಟಿಗೆ ಉಜ್ಜಿ ಉಜ್ಜಿ ಸುಸ್ತು ಮಾಡುತ್ತಾರೆ. ಬ್ಯಾಟಿನವರಂತೂ ಬಡಿಯುವುದಕ್ಕೇ ಹುಟ್ಟಿದವರು. ಕಾರ್ಖಾನೆಯವರು ತೂಕ ನೋಡುತ್ತಾರೆ, ಉಂಗುರದೊಳಗೆ ತೂರಿಸಿ ಗಾತ್ರ ನೋಡುತ್ತಾರೆ. ಚೆಂಡನ್ನು ಹೊಲಿದ ಕೈ ಎಂಥದ್ದು ಎಂದು ಬೆರಳಿನಿಂದ ವಿಚಾರಿಸಿಕೊಳ್ಳುವ ಮನುಷ್ಯ ಇಡೀ ಲೋಕದಲ್ಲಿ ಇವರೊಬ್ಬರೇ ಎಂದು ಅವಳಿಗೆ ಅನಿಸುತ್ತಿತ್ತು. ಹೀಗನಿಸಿದಾಗ ದಾರವನ್ನು ಇನ್ನೊಂದಿಷ್ಟು ಬಿಗಿದು ಎಳೆಯುತ್ತಿದ್ದಳು.

ಆ ಮಖ್ದೂಮ್ ಅಲಿ ಕಾರ್ಖಾನೆಗೆ ಬರುತ್ತಾರೆ ಎಂಬ ಸುದ್ದಿ ರಂಜಾನಿಗೆ ಮುಂಚಿನ ಶಾಬಾನ್ ತಿಂಗಳಿನಲ್ಲಿ ಬಂತು. ಕಾರ್ಖಾನೆಗೆ ಐವತ್ತು ವರ್ಷ ತುಂಬಿತ್ತು. ಈಗಿನ ಚೌಧರಿ, ದೊಡ್ಡವರ ಮಗ ರಫಾಕತ್, ತಾನೇ ಓಣಿಗೆ ಬಂದು ನೀಲಿ ಬಾಗಿಲು ತಟ್ಟಿದ.

"ಉಸ್ತಾದ್‌ಜಿ, ಮಖ್ದೂಮ್ ಸಾಹೇಬ್ರು ಬರ್ತಿದಾರೆ. ಆ ಚೆಂಡೂ ತರ್ತಾರಂತೆ. ಅದನ್ನ ಅವರು ನಿಮ್ಮ ಕೈಗೆ ಕೊಡಬೇಕು, ನಾನು ನಿಮ್ಮ ತಲೆಗೆ ಪಗಡಿ ಸುತ್ತಬೇಕು. ಪೇಪರಿನವರಿಗೂ ಹೇಳಿದೀನಿ."

ಇನಾಯತ್ ಮಂಚದ ಅಂಚನ್ನು ಹಿಡಿದು ಕೂತ. ಚೌಧರಿ ಹೋದ ಮೇಲೆ, "ಹಾಜ್ರಾ, ಕೇಳಿದೆಯಾ?" ಎಂದ.

"ಕೇಳಿದೆ," ಎಂದಳು ಹಾಜ್ರಾ. "ಬಿಳೀ ಜುಬ್ಬಕ್ಕೆ ಗುಂಡಿ ಹೋಗಿದೆ. ಹಾಕ್ಬೇಕು."

ಆ ವಾರವೆಲ್ಲ ಓಣಿಯಲ್ಲಿ ಇನಾಯತ್ ನಡೆದದ್ದೇ ಬೇರೆ ನಡಿಗೆ. ಬೂಟಾ ಕೂಡ ಪುಕ್ಕಟೆಯಾಗಿ ಗಡ್ಡ ಸವರಿ, "ಚಾಚಾ, ಸಾಹೇಬ್ರ ಹತ್ರ ನನ್ನ ಹೆಸರು ಒಂದ್ಸಲ ಹೇಳಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದ.

ಸಮಾರಂಭಕ್ಕೆ ಎರಡು ದಿನವಿರುವಾಗ ಪೇಪರಿನಲ್ಲಿ ಆ ಚೆಂಡಿನ ಫೋಟೋ ಬಂತು. ಮಖ್ದೂಮರ ಲಾಹೋರಿನ ಮನೆಯಲ್ಲಿ ಗಾಜಿನ ಪೆಟ್ಟಿಗೆಯಿಂದ ತೆಗೆದು, ಹತ್ತಿರದಿಂದ ತೆಗೆದ ಫೋಟೋ. ಅರ್ಧ ಪುಟದಷ್ಟು ದೊಡ್ಡದು. ಕೆಂಪು ಬಣ್ಣ ಕಂದಿ ಬೆಲ್ಲದ ಬಣ್ಣವಾಗಿತ್ತು. ಶಗುಫ್ತಾ ಪೇಪರನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಎಲ್ಲರೂ ನೋಡುವ ಚಿನ್ನದ ಮುದ್ರೆಯನ್ನಲ್ಲ, ಹೊಲಿಗೆಯನ್ನು.

ಹೊಲಿಗೆಯ ಎಳೆಗಳು ಎಡಕ್ಕೆ ವಾಲಿದ್ದವು.

ಅವಳು ಪೇಪರನ್ನು ತಿರುಗಿಸಿ ತಲೆಕೆಳಗು ಮಾಡಿ ನೋಡಿದಳು. ಹಾಗೆ ಹಿಡಿದರೂ ಎಡಕ್ಕೇ. ಬಲಗೈಯವರು ಹೊಲಿದರೆ ಎಳೆ ಬಲಕ್ಕೆ ಒರಗುತ್ತದೆ. ತನ್ನದು ಹಾಗೆ, ಅಪ್ಪನದು ಹಾಗೆ, ಓಣಿಯಲ್ಲಿ ಎಲ್ಲರದ್ದೂ ಹಾಗೆಯೇ. ಒಬ್ಬರದನ್ನು ಬಿಟ್ಟು. ಆ ಒಬ್ಬರು ಒಲೆಯ ಮುಂದೆ ಕುಳಿತು ಮೂಲಂಗಿ ತುರಿಯುತ್ತಿದ್ದರು.

"ಅಮ್ಮೀ," ಎಂದಳು ಶಗುಫ್ತಾ. ಅಪ್ಪ ನಮಾಜಿಗೆ ಹೋಗಿದ್ದ. ಆದರೂ ದನಿ ತಗ್ಗಿಸಿದಳು. "ಇದು ನಿಮ್ಮ ಕೈಯದ್ದು."

ಹಾಜ್ರಾ ಫೋಟೋ ನೋಡಿದಳು. ಬಹಳ ಹೊತ್ತೇನೂ ನೋಡಲಿಲ್ಲ.

"ಹೂಂ. ಆ ಬುಟ್ಟಿ ಪೂರಾ ನಂದೇ."

"ಪೂರಾ? ಅಬ್ಬಾ ಒಂದೂ ಹೊಲೀಲಿಲ್ವಾ?"

"ಅವರು ಎಲ್ಲಿದ್ರು ಹೊಲಿಯೋಕೆ? ಲಾಹೋರಿಗೆ ಹೋಗಿದ್ರಲ್ಲ. ಕರಾಚಿಗಿಂತ ಮುಂಚೆ ಲಾಹೋರಲ್ಲಿ ಮ್ಯಾಚಿತ್ತು. ಈ ಮಖ್ದೂಮನ್ನ ಕಣ್ಣಾರೆ ನೋಡ್ಲೇಬೇಕು ಅಂತ ಹಠ. ಮದುವೆಯಾಗಿ ಎರಡು ವರ್ಷ ಆಗಿತ್ತು ಅಷ್ಟೇ. ಬುಟ್ಟಿ ನನ್ನ ಮುಂದೆ ಇಟ್ಟು ಐದು ದಿನ ಹೋದ್ರು ನೋಡು. ವಾಪಸ್ ಬರೋ ಹೊತ್ತಿಗೆ ನಾನು ಮುಗಿಸಿದ್ದೆ. ಅವರು ತಗೊಂಡು ಹೋಗಿ ಕೊಟ್ರು. ದೊಡ್ಡ ಚೌಧರಿಯವರು ಹನ್ನೆರಡು ಆರಿಸಿದ್ರು."

ಶಗುಫ್ತಾಳಿಗೆ ಮೊದಲು ತಟ್ಟಿದ್ದು ಬೇರೆಯದೇ. "ಅಬ್ಬಾ ಮಖ್ದೂಮ್ ಸಾಹೇಬ್ರ ಆಟಾನ ಮೈದಾನದಲ್ಲಿ ಕೂತು ನೋಡಿದಾರಾ? ಐದು ದಿನ? ಒಂದ್ ದಿನಾನೂ ಹೇಳಿಲ್ಲ!"

"ಹೇಗೆ ಹೇಳ್ತಾರೆ? ಲಾಹೋರಲ್ಲಿ ಕೂತಿದ್ದೆ ಅಂದ್ರೆ ಇಲ್ಲಿ ಹೊಲಿದೋರು ಯಾರು ಅಂತ ಯಾರಾದ್ರೂ ಕೇಳಲ್ವಾ? ಎರಡರಲ್ಲಿ ಒಂದೇ ಹೇಳೋಕಾಗೋದು. ಅವರು ಚೆಂಡಿನದ್ದನ್ನ ಹೇಳ್ಕೊಂಡ್ರು." ಹಾಜ್ರಾ ಮೂಲಂಗಿ ಹಿಂಡಿ ನೀರು ತೆಗೆದಳು. "ಮೊದಮೊದಲು ನನ್ನ ಮುಖ ನೋಡಿ ಹೇಳ್ತಿದ್ರು. ಆಮೇಲಾಮೇಲೆ ನೋಡೋದು ಬಿಟ್ರು. ಈಗ ಅವರಿಗೇ ನಿಜ ಅನಿಸಿರಬೇಕು."

"ನಿಮಗೆ ಬೇಜಾರಾಗಲ್ವಾ?"

"ನನಗೆ ಆ ಚೆಂಡು ತಗೊಂಡು ಏನಾಗ್ಬೇಕು, ಹೇಳು. ಅವರಿಗೆ ಬೇಕಿತ್ತು." ಆಮೇಲೆ ಮಗಳ ಕಡೆ ತಿರುಗಿ, ಗಟ್ಟಿಯಾಗಿ, "ನೀನು ಬಾಯಿ ಮುಚ್ಕೊಂಡಿರು. ತಿಳೀತಾ? ಅವರಿಗಿರೋದು ಅದೊಂದೇ."

ಬಾಯಿ ಮುಚ್ಚಿಕೊಂಡಿರುವುದು ಶಗುಫ್ತಾಳಿಗೆ ಕಷ್ಟದ ಕೆಲಸವಾಗಿರಲಿಲ್ಲ. ಕಷ್ಟವಾದದ್ದು ಬೇರೆ. ಅಪ್ಪನಿಗೆ ಕಣ್ಣಿಲ್ಲ, ಬೆರಳಿದೆ. ನಲವತ್ತು ವರ್ಷ ಹೊಲಿದ ಹೆಬ್ಬೆರಳು. ಆ ಚೆಂಡನ್ನು ಇಪ್ಪತ್ತೆಂಟು ವರ್ಷಗಳಲ್ಲಿ ಅವನು ಮುಟ್ಟಿಲ್ಲ. ಮುಟ್ಟಿದ ಗಳಿಗೆಯಲ್ಲಿ, ಊರೆಲ್ಲ ನೋಡುತ್ತಿರುವಾಗ, ಅದು ತನ್ನದಲ್ಲ ಎಂದು ಹೆಬ್ಬೆರಳು ಹೇಳಿಬಿಡುತ್ತದೆ. ಮೊದಲೇ ಹೇಳಿ ಅವನನ್ನು ಸಿದ್ಧ ಮಾಡಬೇಕೋ, ಹೇಳಿದರೆ ಈ ಎರಡು ದಿನದ ನಡಿಗೆಯನ್ನೂ ಕಸಿದುಕೊಂಡ ಹಾಗಾಗುತ್ತದೋ. ಅವಳು ಇದನ್ನೇ ಹೊರಳಿಸಿ ಹೊರಳಿಸಿ ನೋಡಿದಳು. ಅವಳ ಕೈಯಲ್ಲಿದ್ದ ಚೆಂಡಿಗೆ ಎರಡು ಹೊಲಿಗೆ ತಪ್ಪಿ, ಬಿಚ್ಚಿ ಮತ್ತೆ ಹಾಕಬೇಕಾಯಿತು.

ಸಮಾರಂಭದ ದಿನ ಬೆಳಿಗ್ಗೆ ಅಪ್ಪನ ಚಪ್ಪಲಿಯ ಪಟ್ಟಿ ಬಿಗಿಯುತ್ತ ಕೇಳಿದಳು: "ಅಬ್ಬಾ, ಚೆಂಡನ್ನ ಕೈಗೆ ತಗೊಳ್ಳಲೇಬೇಕಾ? ಪಗಡಿ ಸುತ್ತಿಸಿಕೊಂಡು ಬಂದ್ರೆ ಸಾಕಲ್ವಾ?"

"ತಗೊಳ್ಳದೆ?" ಎಂದ ಇನಾಯತ್. "ಅದಕ್ಕೇ ತಾನೇ ಹೋಗ್ತಿರೋದು, ಪುತ್ತರ್."

ಜುಬ್ಬದ ಗುಂಡಿಯನ್ನು ಅವನು ಎರಡು ಸಲ ತಪ್ಪು ಕಾಜಕ್ಕೆ ಹಾಕಿಕೊಂಡ. ಸಂತೋಷಕ್ಕೆ ಹಾಗಾಗಿದೆ ಎಂದು ಅವನೇ ಹೇಳಿದ, ಅವಳು ಕೇಳದೆ.

ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಗಂಡಸರೆಲ್ಲ ಕುರ್ಚಿಗಳಲ್ಲಿ. ಹೊಲಿಗೆಯ ಹೆಂಗಸರಿಗೆ ಪ್ಯಾಕಿಂಗ್ ಕೋಣೆಯ ಬಾಗಿಲಲ್ಲಿ ಪರದೆ ಕಟ್ಟಿ ಜಾಗ ಮಾಡಿದ್ದರು. ಹಾಜ್ರಾ ಬರಲಿಲ್ಲ, ಹಿಟ್ಟು ನಾದಬೇಕು ಎಂದಳು. ಶಗುಫ್ತಾ ಪರದೆಯ ಅಂಚಿನಲ್ಲಿ, ವೇದಿಕೆ ಕಾಣುವ ಕಡೆ ನಿಂತಳು.

ಮಖ್ದೂಮ್ ಅಲಿ ಟಿವಿಯಲ್ಲಿ ಕಾಣುವುದಕ್ಕಿಂತ ಕುಳ್ಳು. ಹೊಟ್ಟೆ ಬಂದಿತ್ತು, ಮೀಸೆ ಬೆಳ್ಳಗಾಗಿತ್ತು, ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. ಆದರೆ ಬೆರಳು ಅವೇ. ಚೌಧರಿಯ ಭಾಷಣ ನಡೆಯುತ್ತಿದ್ದಾಗ ಅವರು ಮೇಜಿನ ಮೇಲಿದ್ದ ಕಿತ್ತಳೆಹಣ್ಣೊಂದನ್ನು ತೆಗೆದುಕೊಂಡು, ಯಾರಿಗೂ ತಿಳಿಯದ ಹಾಗೆ ತೊಡೆಯ ಮೇಲೆ ತಿರುಗಿಸುತ್ತಿದ್ದುದನ್ನು ಶಗುಫ್ತಾ ಕಂಡಳು.

ಇನಾಯತ್‌ನನ್ನು ಇಬ್ಬರು ಕೈಹಿಡಿದು ವೇದಿಕೆಗೆ ಹತ್ತಿಸಿದರು. ಚಪ್ಪಾಳೆ ಬಿತ್ತು. ಬೂಟಾ ಎದ್ದು ನಿಂತು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ. ಚೌಧರಿ ತಟ್ಟೆಯಲ್ಲಿ ಪಗಡಿ ಹಿಡಿದು ಪಕ್ಕದಲ್ಲಿ ನಿಂತ. ಮಖ್ದೂಮ್ ಎದ್ದು ಬಂದು, ಕರವಸ್ತ್ರದಿಂದ ಚೆಂಡನ್ನು ಬಿಡಿಸಿ, ಇನಾಯತ್‌ನ ಎರಡೂ ಕೈಗಳನ್ನು ಹಿಡಿದು ಅವುಗಳೊಳಗಿಟ್ಟರು.

"ತಗೊಳ್ಳಿ ಉಸ್ತಾದ್‌ಜಿ. ನಿಮ್ಮ ಅಮಾನತ್ತು, ನಿಮ್ಮ ಸೊತ್ತು. ಬಹಳ ದಿನ ಇಟ್ಕೊಂಡೆ."

ಇನಾಯತ್‌ನ ಹೆಬ್ಬೆರಳು ಏಣಿನ ಮೇಲೆ ಇಳಿಯಿತು. ಒಂದು ಬೆರಳಗಲ ಹೋಯಿತು. ನಿಂತಿತು.

ಶಗುಫ್ತಾ ಪರದೆಯನ್ನು ಇನ್ನಷ್ಟು ಸರಿಸಿದಳು. ಅಪ್ಪನ ಮುಖ ಅವಳಿಗೆ ಪೂರ್ತಿ ಕಾಣುತ್ತಿರಲಿಲ್ಲ, ಕೈ ಕಾಣುತ್ತಿತ್ತು.

"ಗೊತ್ತಾಯ್ತಾ ಉಸ್ತಾದ್‌ಜಿ?" ಎಂದರು ಮಖ್ದೂಮ್, ಮೈಕು ಬಿಟ್ಟು, ಮಾಮೂಲಿ ದನಿಯಲ್ಲಿ. ಆದರೆ ಮೊದಲ ಸಾಲುಗಳಿಗೂ ಪರದೆಯವರಿಗೂ ಕೇಳಿಸಿತು. "ಈ ಹೊಲಿಗೆ ಉಲ್ಟಾ ವಾಲುತ್ತೆ. ಕರಾಚೀಲಿ ಕೈಗೆ ಬಂದ ತಕ್ಷಣ ಅನ್ಕೊಂಡೆ, ಇದ್ಯಾರೋ ಎಡಗೈ ಉಸ್ತಾದು ಅಂತ. ಆಮೇಲೆ ಎಷ್ಟು ಚೆಂಡು ಹಿಡಿದೆ! ಪ್ರತಿಯೊಂದರಲ್ಲೂ ಈ ಕೈನೇ ಹುಡುಕಿದೀನಿ. ಆ ಪಂದ್ಯ ಬಿಟ್ರೆ ಎಲ್ಲೂ ಸಿಗಲಿಲ್ಲ. ಎಲ್ಲಿಗೆ ಹೋಗಿಬಿಟ್ರಿ ನೀವು?"

ಜನ ನಕ್ಕರು. ಇನಾಯತ್ ನಗಲಿಲ್ಲ. ಅವನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೂಂ ಎಂದಿದ್ದರೂ ಸಾಕಿತ್ತು. ಅವನು ಹೊಲಿಯುವುದು ಯಾವ ಕೈಯಲ್ಲಿ ಎಂದು ಕುರ್ಚಿಯಲ್ಲಿ ಕೂತವರು ಯಾರೂ ಯೋಚಿಸುತ್ತಿರಲಿಲ್ಲ. ಪಗಡಿ ಒಂದು ಮೊಳ ದೂರದಲ್ಲಿತ್ತು. ಓಣಿಗೆ ಇಷ್ಟು ವರ್ಷ ಹೇಳಿದ್ದನ್ನು ಇನ್ನೊಂದು ಸಲ ಹೇಳಬೇಕಿತ್ತು, ಅಷ್ಟೇ. ಆದರೆ ಕೇಳಿದ್ದು ಓಣಿಯಲ್ಲ. ಬೂಟಾನಿಗೆ ಹೇಳಬಹುದು, ಚೌಧರಿಗೆ ಹೇಳಬಹುದು. ಹೊಲಿದ ಕೈಯನ್ನು ಕತ್ತಲಲ್ಲೂ ಗುರುತಿಸಬಲ್ಲ ಒಬ್ಬನೇ ಮನುಷ್ಯನಿಗೆ, ಇಡೀ ಜೀವಮಾನ ತಾನು ಯಾವ ಬೆರಳುಗಳನ್ನು ಮೆಚ್ಚಿಕೊಂಡು ಬಂದನೋ ಆ ಬೆರಳುಗಳಿಗೆ, ಹೇಗೆ ಸುಳ್ಳು ಹೇಳುವುದು? ಹೇಳಿದರೆ ಅವರ ಬೆರಳು ತಪ್ಪು ಎಂದ ಹಾಗಾಗುತ್ತದೆ. ಶಗುಫ್ತಾಳಿಗೆ ಇದೆಲ್ಲ ಆಮೇಲೆ ಹೊಳೆದದ್ದು. ಆಗ ಅವಳು ನೋಡುತ್ತಿದ್ದುದು ಅಪ್ಪನ ಹೆಬ್ಬೆರಳನ್ನು ಮಾತ್ರ. ಅದು ಏಣಿನ ಮೇಲಿಂದ ಕೆಳಗಿಳಿಯಿತು.

"ನಾನು ಬಲಗೈಯವನು ಸಾಹೇಬ್," ಎಂದ ಇನಾಯತ್.

"ಅಂದ್ರೆ?"

"ಇದು ನಂದಲ್ಲ. ಇದನ್ನ ಹೊಲಿದ ವಾರ ನಾನು ಲಾಹೋರಲ್ಲಿದ್ದೆ. ನಿಮ್ಮ ಆಟ ನೋಡ್ತಾ ಕೂತಿದ್ದೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬೂಟಾ, "ಅಯ್ಯಯ್ಯೋ ಚಾಚಾ!" ಎಂದು ತಲೆ ಮೇಲೆ ಕೈ ಹೊತ್ತ. ನಗು ಸಾಲಿನಿಂದ ಸಾಲಿಗೆ ಮುಂದೆ ಬಂತು. ಇನಾಯತ್ ತಲೆ ತಗ್ಗಿಸಲಿಲ್ಲ. ಕಿವಿ ಮಾತ್ರ ಕೆಂಪಾದವು.

"ಉಸ್ತಾದ್‌ಜಿ, ಏನು ಹೇಳ್ತಿದೀರಾ?" ಎಂದ ಚೌಧರಿ ಹಲ್ಲು ಕಚ್ಚಿ. "ಪೇಪರಿನವರಿದಾರೆ."

"ಹಾಗಾದ್ರೆ ಯಾರದ್ದು?" ಎಂದರು ಮಖ್ದೂಮ್. ಅವರೊಬ್ಬರೇ ನಗುತ್ತಿರಲಿಲ್ಲ.

"ನಮ್ಮ ಮನೆಯವಳದ್ದು."

ಮಖ್ದೂಮ್ ಅಂಗಳದ ಕಡೆಗೆ ನೋಡಿದರು, ಪರದೆಯ ಕಡೆಗೂ ನೋಡಿದರು. ಪರರ ಮನೆಯ ಹೆಂಗಸನ್ನು ಇಷ್ಟು ಜನರ ಮುಂದೆ ಕರೆಸಿ ಎನ್ನುವ ಹಾಗಿರಲಿಲ್ಲ. ಮೀಸೆ ತೀಡಿಕೊಂಡು ಕೇಳಿದರು: "ಅವರನ್ನ ಒಂದು ಮಾತು ಕೇಳಬೇಕಿತ್ತು. ಯಾರಾದ್ರೂ ಕೇಳ್ಕೊಂಡು ಬರ್ತಾರಾ?"

"ಮಗಳಿದಾಳೆ," ಎಂದ ಇನಾಯತ್. ಪರದೆಯ ಕಡೆಗೆ ಮಂಜುಗಣ್ಣು ತಿರುಗಿಸಿ, "ಶಗುಫ್ತಾ. ಬಾ."

ಅಲ್ಲಿಂದ ವೇದಿಕೆಗೆ ಇಪ್ಪತ್ತು ಹೆಜ್ಜೆ. ಅವಳು ಮದುವೆ ಮನೆಯಲ್ಲೂ ಗೋಡೆ ಸವರಿಕೊಂಡು ನಡೆಯುವವಳು. ದುಪಟ್ಟಾವನ್ನು ಹಣೆಯವರೆಗೆ ಎಳೆದುಕೊಂಡು, ನೆಲ ನೋಡುತ್ತ, ಹೇಗೋ ಹೋಗಿ ನಿಂತಳು. ಮಖ್ದೂಮ್ ಬಗ್ಗಿ ಚೆಂಡನ್ನು ಅವಳ ಎದುರು ಹಿಡಿದರು.

"ಇಲ್ಲಿ ಮುಟ್ಟು, ಪುತ್ತರ್. ಮುದ್ರೆಯ ಕೆಳಗೆ. ಸಿಕ್ತಾ?"

ಸಿಕ್ಕಿತು. ಏಣಿನೊಳಗೆ, ಎಳ್ಳುಕಾಳಿನಷ್ಟು ಚಿಕ್ಕ ಉಬ್ಬು.

"ನನ್ನ ಉಂಗುರದ ಬೆರಳು ಸರಿಯಾಗಿ ಅಲ್ಲೇ ಕೂರ್ತಿತ್ತು. ಜಾರ್ತಿರಲಿಲ್ಲ. ಎಂಟು ಜನ ಹೋದ್ರಲ್ಲ, ಅರ್ಧ ಜನ ಇದಕ್ಕೇ ಹೋದ್ರು ಅನ್ಕೋ. ಅಮ್ಮಿಗೆ ನನ್ನ ಸಲಾಂ ಹೇಳು. ಇದನ್ನ ಬೇಕಂತ ಇಟ್ರಾ, ಇಟ್ರೆ ಯಾಕೆ ಇಟ್ರು, ಕೇಳ್ಕೊಂಡು ಬಾ. ತಗೊಂಡು ಹೋಗು ಚೆಂಡನ್ನ. ತೋರಿಸು."

"ಸಾಹೇಬ್!" ಎಂದ ಚೌಧರಿ. "ಓಣೀಲಿ... ಚರಂಡಿ ಎಲ್ಲ ಇದೆ..."

"ನಾನು ಇಲ್ಲೇ ಕೂತಿರ್ತೀನಿ. ಚಹಾ ತರಿಸಿ."

ಶಗುಫ್ತಾ ಚೆಂಡನ್ನು ದುಪಟ್ಟಾದಲ್ಲಿ ಸುತ್ತಿ ಎದೆಗೊತ್ತಿಕೊಂಡು ನಡೆದಳು. ಓಡಬಾರದು, ಬಿದ್ದರೆ ಕಷ್ಟ ಎಂದು ನಡೆದಳು, ನಡೆಯುತ್ತ ನಡೆಯುತ್ತ ಓಡಿದಳು. ನೀಲಿ ಬಾಗಿಲು ತೆಗೆದಿತ್ತು. ಹಾಜ್ರಾಳ ಕೈ ಮಣಿಕಟ್ಟಿನವರೆಗೂ ಹಿಟ್ಟಿನಲ್ಲಿತ್ತು.

ದುಪಟ್ಟಾ ಬಿಚ್ಚಿ ಚೆಂಡು ತೋರಿಸಿದ್ದೇ ತಡ ಹಾಜ್ರಾಳ ಮುಖ ಬಿಳಿಚಿತು.

"ವಾಪಸ್ ಕಳಿಸಿದ್ರಾ? ಇಷ್ಟು ವರ್ಷದ ಮೇಲೆ? ಗಂಟು ಸಿಕ್ತಾ ಅವರಿಗೆ?"

"ಅಮ್ಮೀ, ವಾಪಸ್ಸಲ್ಲ..."

"ನಂಗೊತ್ತಿತ್ತು, ಯಾವತ್ತಾದ್ರೂ ಸಿಗುತ್ತೆ ಅಂತ. ನಡುವೆ ದಾರ ಸೇರಿಸಿದ ಚೆಂಡನ್ನ ಇವತ್ತಿಗೂ ತಗೊಳ್ಳಲ್ಲ ಕಾರ್ಖಾನೆಯವರು. ಏನ್ ಮಾಡ್ಲಿ ಹೇಳು, ದಾರ ಮುಗಿದು ಹೋಗಿತ್ತು. ಕಾರ್ಖಾನೆಗೆ ಹೋಗಿ ದಾರ ತರೋರು ಯಾರಿದ್ರು ಮನೇಲಿ? ಅವರು ಲಾಹೋರಲ್ಲಿ ಕೂತಿದ್ರು. ಬುಟ್ಟಿಯ ತಳದಲ್ಲಿ ತುಂಡು ಸಿಕ್ತು, ಗಂಟು ಹಾಕ್ದೆ, ಸುತ್ತಿಗೇಲಿ ತಟ್ಟಿ ಒಳಗೆ ಕೂರಿಸ್ದೆ. ದೊಡ್ಡ ಚೌಧರಿಯವರ ಬೆರಳಿಗೇ ಸಿಗಲಿಲ್ಲ ಅದು. ಆ ಬುಟ್ಟಿಯಿಂದಲೇ ಕರಾಚಿಗೆ ಕಳಿಸಿದ್ರು ಅಂದಾಗ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ ನಾನು."

ಶಗುಫ್ತಾ ಆಗ ಎಲ್ಲವನ್ನೂ ಹೇಳಿದಳು. ಅಷ್ಟು ಮಾತನ್ನು ಅವಳು ಒಮ್ಮೆಗೇ ಆಡಿದ್ದು ಹಾಜ್ರಾಳಿಗೆ ನೆನಪಿರಲಿಲ್ಲ. ಕೇಳಿ ಮುಗಿದ ಮೇಲೆ ಹಾಜ್ರಾ ಕೈಯ ಹಿಟ್ಟು ಉಜ್ಜಿ ತೆಗೆದು, ತೊಳೆದು, ದುಪಟ್ಟಾದ ಸೆರಗಿಗೆ ಒರೆಸಿ, ತೇವವಿಲ್ಲವೆಂದು ಕೆನ್ನೆಗೆ ಒತ್ತಿ ನೋಡಿಕೊಂಡು, ಚೆಂಡನ್ನು ಎಡಗೈಗೆ ತೆಗೆದುಕೊಂಡಳು.

"ಎಲ್ಲರ ಮುಂದೆ ಹೇಳಿದ್ರಾ ನಿಮ್ಮ ಅಬ್ಬಾ? ನನ್ನದು ಅಂತ?"

"ಹೂಂ."

"ಜನ ನಕ್ಕಿರಬೇಕು."

"ನಕ್ರು."

ಹಾಜ್ರಾ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಚೆನ್ನಾಗೇ ಹೊಲಿದಿದ್ದೆ," ಎಂದಳು, ಬೇರೆ ಯಾರದ್ದೋ ಕೆಲಸ ನೋಡಿದ ಹಾಗೆ. ಆಮೇಲೆ ಅದನ್ನು ಮಗಳ ದುಪಟ್ಟಾಕ್ಕೆ ತಾನೇ ಸುತ್ತಿ ಕೊಟ್ಟಳು. "ಹೋಗು. ಇದ್ದದ್ದು ಇದ್ದ ಹಾಗೆ ಹೇಳು. ದಾರ ಮುಗೀತು, ಗಂಟು ಹಾಕ್ದೆ. ಬೇಕಂತ ಮಾಡಿದ್ದಲ್ಲ. ತಪ್ಪಾಯ್ತು ಅಂತ ಹೇಳ್ಬೇಡ ಮತ್ತೆ."

ಶಗುಫ್ತಾ ಹಿಂದಿರುಗುವ ಹೊತ್ತಿಗೆ ಕುರ್ಚಿಗಳ ಸಾಲು ಕೆಟ್ಟು, ಜನ ವೇದಿಕೆಯ ಸುತ್ತ ನಿಂತಿದ್ದರು. ಪಗಡಿ ತಟ್ಟೆಯಲ್ಲೇ ಇತ್ತು. ಯಾರ ತಲೆಗೆ ಎಂದು ತೋಚದೆ ಚೌಧರಿ ಅದನ್ನು ಮೈಕಿನ ಪಕ್ಕ ಇಟ್ಟುಬಿಟ್ಟಿದ್ದ. ಅವಳು ತಾಯಿ ಹೇಳಿದ್ದನ್ನು ಹೇಳಿದಂತೆಯೇ ಹೇಳಿದಳು.

ಮಖ್ದೂಮ್ ಗಂಟಿನ ಮೇಲೆ ಉಂಗುರದ ಬೆರಳಿಟ್ಟುಕೊಂಡು ಕೇಳಿದರು. "ದಾರ ಮುಗೀತು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಇನ್ನೊಂದು ಸಲವೂ ಹೇಳಿಕೊಂಡರು. ಆಮೇಲೆ ಪಕ್ಕದ ಕುರ್ಚಿಯನ್ನು ಎಳೆದು ಇನಾಯತ್‌ನನ್ನು ಕೂರಿಸಿ, ತಾವೂ ಕೂತರು.

"ಸರಿ ಉಸ್ತಾದ್‌ಜಿ. ಲಾಹೋರಲ್ಲಿ ಎಲ್ಲಿ ಕೂತಿದ್ರಿ?"

ಇನಾಯತ್ ಇಪ್ಪತ್ತೆಂಟು ವರ್ಷ ಒಳಗಿಟ್ಟಿದ್ದು ಹೊರಗೆ ಬರಲು ದಾರಿ ಹುಡುಕುತ್ತಿತ್ತು.

"ಸ್ಕೋರ್ ಬೋರ್ಡಿನ ಕೆಳಗೆ," ಎಂದ ಕೊನೆಗೆ. "ಸಿಮೆಂಟಿನ ಮೆಟ್ಟಿಲು. ಮೊದಲನೇ ದಿನ ನಿಮ್ಮ ಕೈಗೆ ಚೆಂಡೇ ಕೊಡಲಿಲ್ಲ ಆ ಕ್ಯಾಪ್ಟನ್. ನನಗೆ ಎಷ್ಟು ಸಿಟ್ಟು ಬಂತು ಅಂದ್ರೆ ರೊಟ್ಟಿ ತಿನ್ನಲಿಲ್ಲ. ಎರಡನೇ ದಿನ ಊಟದ ಮೇಲೆ ಕೊಟ್ಟ. ನೀವು ಏಳು ಹೆಜ್ಜೆ ಅಳೆದ್ರಿ. ಟಿವೀಲಿ ಎಂಟು ಕಾಣುತ್ತೆ, ಆದ್ರೆ ಮೊದಲನೇದು ಹೆಜ್ಜೆ ಅಲ್ಲ, ಕುಣಿತ."

ಮಖ್ದೂಮ್ ನಕ್ಕರು. ಜನ ಇನ್ನೂ ಹತ್ತಿರ ಸರಿದರು. ಬೂಟಾ ವೇದಿಕೆಯ ಅಂಚಿಗೆ ಗಲ್ಲ ಊರಿ ನಿಂತ. ಇನಾಯತ್ ಮೂರನೆಯ ದಿನಕ್ಕೆ ಬಂದ, ಮೂರನೆಯ ದಿನದ ಮಳೆಗೆ, ತಲೆಯ ಮೇಲೆ ಪೇಪರು ಹಿಡಿದು ಕೂತದ್ದಕ್ಕೆ. ನಾಲ್ಕನೆಯ ದಿನಕ್ಕೆ ಬರುವಾಗ ಅವನ ಬಲಗೈ ಗಾಳಿಯಲ್ಲಿ ತಾನಾಗಿ ತಿರುಗುತ್ತಿತ್ತು. ಈ ಕಥೆಯನ್ನು ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಶಗುಫ್ತಾ ಪರದೆಯ ಹಿಂದಕ್ಕೆ ಹೋಗಬೇಕೆಂಬುದನ್ನು ಮರೆತು ಅಲ್ಲೇ ನಿಂತಿದ್ದಳು.

"ಆಮೇಲೆ ಆ ಎತ್ತರದವನು, ಎಡಗೈ ಬ್ಯಾಟಿನವನು," ಎಂದ ಇನಾಯತ್. "ಅವನಿಗೆ ಉಲ್ಟಾ ತಿರುಗೋ ಗೂಗ್ಲಿ ಹಾಕಿದ್ರಿ. ಅವನು ಬ್ಯಾಟು ಎತ್ತಿ ಚೆಂಡನ್ನ ಬಿಟ್ಟ. ಸ್ಟಂಪಿನ ಮೇಲಿನ ಗಿಲ್ಲಿ ಹಾರಿ ವಿಕೆಟ್‌ಕೀಪರನ ಕಾಲ ಮೇಲೆ ಬಿತ್ತು."

"ಅದು ಗೂಗ್ಲಿ ಅಲ್ಲ ಉಸ್ತಾದ್‌ಜಿ," ಎಂದರು ಮಖ್ದೂಮ್. "ನೇರ ಹಾಕಿದ್ದು. ನನಗೆ ಚೆನ್ನಾಗಿ ನೆನಪಿದೆ."

"ಗೂಗ್ಲಿನೇ ಸಾಹೇಬ್," ಎಂದ ಇನಾಯತ್. "ನಾನು ನೋಡ್ತಾ ಇದ್ದೆ."